ಹೊಸ ವೇತನ ಸಂಹಿತೆ: ಬೇಸಿಕ್ 50% ಮಾಡಿದರೆ ಸಾಕಾ?

ಪ್ರಶ್ನೆ:
ನಮಸ್ಕಾರ. 2025ರ ನವೆಂಬರ್ 21ರಿಂದ ಕಾರ್ಮಿಕ ಸಂಹಿತೆಗಳು ಜಾರಿಯಾಗಿರುವುದರಿಂದ ಸಂಬಳದ ವಿಂಗಡಣೆ ತಿದ್ದುತ್ತಿದ್ದೇವೆ. ಗ್ರಾಸ್ (ಕಡಿತಕ್ಕೆ ಮುಂಚಿನ ತಿಂಗಳ ಸಂಬಳ) 30,000 ಇರುವವರಿಗೆ ಈಗ ಬೇಸಿಕ್ (ಮೂಲ ವೇತನ) 9,000, ಎಚ್‌ಆರ್‌ಎ (ಮನೆ ಬಾಡಿಗೆ ಭತ್ಯೆ) 9,000, ಪ್ರಯಾಣ ಭತ್ಯೆ 3,000, ಸ್ಪೆಷಲ್ ಅಲೊವೆನ್ಸ್ 9,000. ಸ್ಪೆಷಲ್‌ನಿಂದ 6,000 ತೆಗೆದು ಬೇಸಿಕ್ 15,000 ಮಾಡಿ, ಗ್ರಾಚ್ಯುಟಿಯನ್ನು (ಕೆಲಸ ಬಿಡುವಾಗ ಸೇವಾವಧಿಗೆ ಕೊಡುವ ಮೊತ್ತ) ಅದರ ಮೇಲೆ ಲೆಕ್ಕ ಹಾಕಿದರೆ ಆಯ್ತಲ್ಲವಾ?

ಉತ್ತರ 1:
ಆಗಲಿಲ್ಲ ಸರ್. ‘ಬೇಸಿಕ್ ಅರ್ಧ ಇರಬೇಕು’ ಅಂತ ಸಂಹಿತೆಯಲ್ಲಿ ಎಲ್ಲೂ ಇಲ್ಲ. ವೇತನ ಅಂದರೆ ಕೊಡುವುದೆಲ್ಲವೂ. ಯಾವುದನ್ನು ಬಿಡಬಹುದು ಅಂತ ಸೆಕ್ಷನ್ 2(ವೈ)ನಲ್ಲಿ ಪಟ್ಟಿ ಇದೆ. ಎಚ್‌ಆರ್‌ಎ, ಪ್ರಯಾಣ ಭತ್ಯೆ, ಓವರ್‌ಟೈಮ್, ಕಮಿಷನ್, ಮಾಲೀಕರ ಪಿಎಫ್ (ಭವಿಷ್ಯ ನಿಧಿ) ಪಾಲು ಆ ಪಟ್ಟಿಯಲ್ಲಿವೆ. ಎಲ್ಲರಿಗೂ ತಿಂಗಳು ತಿಂಗಳು ಸುಮ್ಮನೆ ಕೊಡುವ ಸ್ಪೆಷಲ್ ಅಲೊವೆನ್ಸ್ ಇಲ್ಲ. ಹಾಗಾಗಿ ನಿಮ್ಮ ವೇತನ 9,000 + 9,000 = 18,000. ಸ್ಪೆಷಲ್‌ನಿಂದ ಬೇಸಿಕ್‌ಗೆ ಎಷ್ಟು ವರ್ಗಾಯಿಸಿದರೂ ಅದು 18,000ವೇ. ಹೆಸರು ಬದಲಿಸಿ ತಪ್ಪಿಸಿಕೊಳ್ಳುವ ಕಾಲ ಮುಗಿಯಿತು.

ಏಟು ಬೀಳುವುದು ಗ್ರಾಚ್ಯುಟಿಯಲ್ಲಿ. ವರ್ಷಕ್ಕೆ 15 ದಿನದ ವೇತನ, ತಿಂಗಳಿಗೆ 26 ದಿನದ ಲೆಕ್ಕದಲ್ಲಿ 9,000 × 15 ÷ 26 × 5 ವರ್ಷ = 25,962 ಇದ್ದದ್ದು 51,923 ಆಗುತ್ತದೆ. ಕೊನೆಯ ವೇತನದ ಮೇಲೆ ಲೆಕ್ಕವಾದ್ದರಿಂದ ಹಿಂದಿನ ವರ್ಷಗಳ ಹೊಣೆಯೂ ಜೊತೆಗೇ ಏರುತ್ತದೆ. ಪಿಎಫ್ ಅನ್ನು 15,000ದ ಮಿತಿಗೇ ಕಟ್ಟುವುದಾದರೆ 12%, ಅಂದರೆ 1,800. ಅಷ್ಟಕ್ಕೂ ಎಲ್ಲರಿಗೂ ಒಂದೇ ಸಮ ಕೊಡುವ ಭತ್ಯೆಗೆ ಪಿಎಫ್ ಕಟ್ಟಬೇಕು ಅಂತ ಸುಪ್ರೀಂ ಕೋರ್ಟ್ 2019ರಲ್ಲೇ ಹೇಳಿದೆ.

ಉತ್ತರ 2:
ಮೇಲಿನದಕ್ಕೆ ಒಂದು ಸೇರ್ಪಡೆ. ಬೇಸಿಕ್‌ಗೆ ಅರ್ಧದ ನಿಯಮವಿಲ್ಲದಿದ್ದರೂ, ಪಟ್ಟಿಯ ಪ್ರಕಾರ ವೇತನದಿಂದ ಬಿಟ್ಟದ್ದು ಒಟ್ಟು ಕೊಡುವುದರ ಅರ್ಧ ದಾಟಿದರೆ ಹೆಚ್ಚಾದದ್ದು ವೇತನಕ್ಕೆ ಸೇರುತ್ತದೆ. ಈ 50% ಪರೀಕ್ಷೆಯನ್ನು ಗ್ರಾಸ್ ಮೇಲೆ ಮಾಡಬೇಡಿ. ಮಾಲೀಕರ ಪಿಎಫ್ ಅನ್ನೂ ಒಟ್ಟು ಮೊತ್ತಕ್ಕೆ, ಬಿಟ್ಟದ್ದಕ್ಕೆ ಎರಡೂ ಕಡೆ ಸೇರಿಸಿ. ಇಲ್ಲಿ 31,800ರಲ್ಲಿ ಬಿಟ್ಟದ್ದು 9,000 + 3,000 + 1,800 = 13,800. ಅರ್ಧಕ್ಕಿಂತ (15,900) ಕಡಿಮೆ, ಏನೂ ಸೇರಿಸಬೇಕಿಲ್ಲ. ಅದೇ ಎಚ್‌ಆರ್‌ಎ, ಪ್ರಯಾಣ ಭತ್ಯೆಗಳನ್ನು ಉಬ್ಬಿಸಿ ಬಿಟ್ಟದ್ದು 19,000ಕ್ಕೆ ಹೋದರೆ, ಹೆಚ್ಚಾದ 3,100 ಮರಳಿ ವೇತನಕ್ಕೆ ಬರುತ್ತದೆ. ಇನ್‌ಸೆಂಟಿವ್, ಕಮಿಷನ್ ಇರುವ ಸೇಲ್ಸ್‌ನವರಿಗೆ ಈ ಲೆಕ್ಕ ತಿಂಗಳು ತಿಂಗಳು ಬದಲಾಗುತ್ತದೆ, ಎಕ್ಸೆಲ್‌ನಲ್ಲಿ ಒಮ್ಮೆ ಹಾಕಿ ಮರೆಯುವಂಥದ್ದಲ್ಲ.

ಪ್ರಶ್ನೆ ಕೇಳಿದವರು:
ಸ್ಪಷ್ಟವಾಯಿತು, ಧನ್ಯವಾದ. ಫುಲ್ ಅಂಡ್ ಫೈನಲ್ (ಕೆಲಸ ಬಿಟ್ಟವರ ಬಾಕಿ ಚುಕ್ತಾ) ಎರಡು ದಿನದಲ್ಲಿ ಅನ್ನುತ್ತಾರಲ್ಲ, ಗ್ರಾಚ್ಯುಟಿಯೂ ಸೇರಿಯಾ?

ಉತ್ತರ 3:
ಇಲ್ಲ. ರಾಜೀನಾಮೆಯಾಗಲಿ ವಜಾ ಆಗಲಿ, ಬಾಕಿ ವೇತನಕ್ಕೆ ಎರಡು ಕೆಲಸದ ದಿನ. ಗ್ರಾಚ್ಯುಟಿಗೆ 30 ದಿನ ಇದೆ. ಎಡವಟ್ಟಾಗುವುದು ನೋ ಡ್ಯೂಸ್‌ನಲ್ಲಿ (ನೌಕರರಿಂದ ಬಾಕಿ ಏನೂ ಇಲ್ಲ ಅಂತ ಖಚಿತಪಡಿಸುವುದು): ಲ್ಯಾಪ್‌ಟಾಪ್, ಅಡ್ವಾನ್ಸ್ ಬಾಕಿ ಹುಡುಕಲು ಕೊನೆಯ ದಿನದವರೆಗೆ ಕಾದರೆ ಎರಡು ದಿನ ಅದಕ್ಕೇ ಹೋಗುತ್ತದೆ. ನೋಟಿಸ್ ಅವಧಿಯ ಕೊನೆಯ ವಾರದಲ್ಲೇ ಅದನ್ನು ಮುಗಿಸಿ, ತಿಂಗಳ ಪೇರೋಲ್‌ಗೆ ಕಾಯದೆ ಬೇರೆಯಾಗಿ ಪಾವತಿಸುವ ವ್ಯವಸ್ಥೆ ಇಟ್ಟುಕೊಳ್ಳಿ. ಕಡಿತ ಏನೇ ಇದ್ದರೂ ಒಟ್ಟು ಆ ಅವಧಿಯ ವೇತನದ ಅರ್ಧ ದಾಟುವಂತಿಲ್ಲ.

ಇನ್ನೊಂದು: ಗುತ್ತಿಗೆದಾರರ ಮೂಲಕ ಬಂದವರಲ್ಲ, ನೀವೇ ನಿಗದಿತ ಅವಧಿಗೆ ನೇಮಿಸಿಕೊಂಡವರಿದ್ದರೆ ಅವರ ಗ್ರಾಚ್ಯುಟಿಗೆ ಐದು ವರ್ಷದ ಷರತ್ತಿಲ್ಲ. ಆ ಪಟ್ಟಿಯನ್ನೂ ತೆಗೆದು ನೋಡಿ.