ಗಡಿ ಬದಲಿಸಲು ಸಂವಿಧಾನದ ತಿದ್ದುಪಡಿ ಬೇಡವೇ?

ಪ್ರಶ್ನೆ (ನಿವೃತ್ತ ಅಧ್ಯಾಪಕರು, ಬದಿಯಡ್ಕ): ವಕೀಲರೇ, ನಮಸ್ಕಾರ. ಸಂವಿಧಾನದ ತಿದ್ದುಪಡಿಗೆ ಸಂಸತ್ತಿನಲ್ಲಿ ವಿಶೇಷ ಬಹುಮತ ಬೇಕೆಂದು ಮಕ್ಕಳಿಗೆ ಪಾಠ ಹೇಳಿದವನು ನಾನು. ಹಾಗಿರುವಾಗ 1956ರಲ್ಲಿ ನಮ್ಮ ಕಾಸರಗೋಡು ತಾಲೂಕನ್ನು ದಕ್ಷಿಣ ಕನ್ನಡದಿಂದ ಬೇರ್ಪಡಿಸಿ ಕೇರಳಕ್ಕೆ ಸೇರಿಸಲು ಬರೀ ಒಂದು ಕಾಯ್ದೆ ಸಾಕಾದದ್ದು ಹೇಗೆ? ಅದರಿಂದ ಅಲ್ಪಸಂಖ್ಯಾತರಾದವರಿಗೆ ಏನು ರಕ್ಷಣೆಯಿದೆ?

ಉತ್ತರ (ವಕೀಲರು, ಕಾಸರಗೋಡು): ಮಾಸ್ತರರೇ, ನೀವು ಕಲಿಸಿದ್ದು 368ನೇ ವಿಧಿ, ಅದರಲ್ಲಿ ತಪ್ಪಿಲ್ಲ. ರಾಜ್ಯಗಳ ಗಡಿಯ ವಿಚಾರ 3ನೇ ವಿಧಿಗೆ ಸೇರುತ್ತದೆ. ರಾಷ್ಟ್ರಪತಿಗಳ ಶಿಫಾರಸಿನೊಂದಿಗೆ ಮಸೂದೆ ಮಂಡನೆಯಾಗಬೇಕು, ಅದಕ್ಕೆ ಮೊದಲು ಸಂಬಂಧಪಟ್ಟ ಶಾಸನಸಭೆಯ ಅಭಿಪ್ರಾಯ ಕೇಳಬೇಕು. ಆದರೆ ಆ ಅಭಿಪ್ರಾಯಕ್ಕೆ ಸಂಸತ್ತು ಕಟ್ಟುಬಿದ್ದಿಲ್ಲವೆಂದು ಬಾಬುಲಾಲ್ ಪರಾಟೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಇಂತಹ ಕಾಯ್ದೆಯನ್ನು ತಿದ್ದುಪಡಿಯೆಂದು ಪರಿಗಣಿಸಬಾರದೆಂದು 4ನೇ ವಿಧಿಯೇ ಸ್ಪಷ್ಟಪಡಿಸುತ್ತದೆ. 2014ರಲ್ಲಿ ಆಂಧ್ರಪ್ರದೇಶದ ವಿಧಾನಸಭೆ ಮಸೂದೆಯನ್ನು ತಿರಸ್ಕರಿಸಿದರೂ ತೆಲಂಗಾಣ ಹುಟ್ಟಿಕೊಂಡದ್ದು ಇದೇ ದಾರಿಯಲ್ಲಿ.

ದೇಶ ಆಗಷ್ಟೇ ಇಬ್ಭಾಗವಾಗಿ, ಐನೂರಕ್ಕೂ ಹೆಚ್ಚು ಸಂಸ್ಥಾನಗಳು ವಿಲೀನಗೊಂಡು, ಭೂಪಟವೇ ನೆಲೆನಿಲ್ಲದಿದ್ದ ಕಾಲದಲ್ಲಿ ಸಂವಿಧಾನ ಬರೆದವರು ಈ ಬಾಗಿಲನ್ನು ಬೇಕೆಂದೇ ಸಡಿಲ ಇಟ್ಟರು. ಭಾಷಾವಾರು ಬೇಡಿಕೆಗಳ ಬಿಸಿಯನ್ನು ಒಕ್ಕೂಟ ತಾಳಿಕೊಂಡದ್ದರಲ್ಲಿ ಅದರ ಪಾಲು ದೊಡ್ಡದು. ಆದರೆ ಅಭಿಪ್ರಾಯ ಕೇಳುವುದು ಶಾಸನಸಭೆಯನ್ನೇ ಹೊರತು ಗಡಿ ಹಾದುಹೋಗುವ ಊರಿನವರನ್ನಲ್ಲ. ನನ್ನ ಮಟ್ಟಿಗೆ ಇದೇ ಈ ವ್ಯವಸ್ಥೆಯ ನಿಜವಾದ ಕೊರತೆ.

ರಕ್ಷಣೆಯೂ 1956ರಲ್ಲಿಯೇ, 7ನೇ ತಿದ್ದುಪಡಿಯ ಮೂಲಕ ಬಂತು. ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಶಿಕ್ಷಣಕ್ಕೆ ಸೌಲಭ್ಯ ಒದಗಿಸಲು ರಾಜ್ಯ ಪ್ರಯತ್ನಿಸಬೇಕೆಂದು 350ಎ ವಿಧಿ ಹೇಳುತ್ತದೆ. 350ಬಿ ವಿಧಿಯಡಿ ಭಾಷಾ ಅಲ್ಪಸಂಖ್ಯಾತರಿಗಾಗಿ ನೇಮಕವಾಗುವ ವಿಶೇಷ ಅಧಿಕಾರಿ ರಾಷ್ಟ್ರಪತಿಗಳಿಗೆ ವರದಿ ಕೊಡುತ್ತಾರೆ, ಜಾರಿಮಾಡುವ ಅಧಿಕಾರ ಅವರಿಗಿಲ್ಲ. ಕೋರ್ಟಿನಲ್ಲಿ ಗಟ್ಟಿಯಾಗಿ ನಿಲ್ಲುವಂಥವು ಮೂಲಭೂತ ಹಕ್ಕುಗಳಾದ 29 ಮತ್ತು 30ನೇ ವಿಧಿಗಳು: ತಮ್ಮ ಭಾಷೆ, ಸಂಸ್ಕೃತಿ ಉಳಿಸಿಕೊಳ್ಳುವ ಹಕ್ಕು ಮತ್ತು ಅಲ್ಪಸಂಖ್ಯಾತರು ತಮ್ಮದೇ ಶಿಕ್ಷಣ ಸಂಸ್ಥೆ ನಡೆಸುವ ಹಕ್ಕು.

ಮರುಪ್ರಶ್ನೆ (ಉಪ್ಪಳ): ಚಂದ್ರಗಿರಿ ನದಿಯ ಉತ್ತರ ಭಾಗ ಮೈಸೂರು ರಾಜ್ಯಕ್ಕೆ (ಇಂದಿನ ಕರ್ನಾಟಕಕ್ಕೆ) ಸೇರಬೇಕೆಂದ, ಗಡಿ ವಿವಾದದ ಕುರಿತ 1967ರ ಮಹಾಜನ ಆಯೋಗದ ವರದಿಯನ್ನು ಕೋರ್ಟಿನ ಮೂಲಕ ಜಾರಿಮಾಡಿಸಬಹುದೇ, ಸರ್?

ಉತ್ತರ: ಸಾಧ್ಯವಿಲ್ಲ. ಆಯೋಗದ ವರದಿ ಸಲಹೆ ಮಾತ್ರ. ಅದಕ್ಕೂ ಸಂಸತ್ತೇ 3ನೇ ವಿಧಿಯಡಿ ಕಾಯ್ದೆ ಮಾಡಬೇಕು. ಅದಕ್ಕಿಂತ ಕೈಗೆಟಕುವುದು ಕೇರಳದ 1969ರ ಆಡಳಿತ ಭಾಷಾ ಕಾಯ್ದೆ. ಅದರ ಪ್ರಕಾರ ಭಾಷಾ ಅಲ್ಪಸಂಖ್ಯಾತ ಪ್ರದೇಶದ ಸರಕಾರಿ ಕಚೇರಿಗಳಿಗೆ ನೀವು ಕನ್ನಡದಲ್ಲಿ ಬರೆಯಬಹುದು, ಉತ್ತರವೂ ಕನ್ನಡದಲ್ಲಿಯೇ ಬರಬೇಕು. ಅರ್ಜಿಯನ್ನು ಕನ್ನಡದಲ್ಲಿ ಕೊಟ್ಟು ರಶೀದಿ ಪಡೆದುಕೊಳ್ಳಿ. ಮಲಯಾಳದಲ್ಲಿ ಉತ್ತರ ಬಂದರೆ ಆ ಎರಡನ್ನೂ ಸೇರಿಸಿ ಜಿಲ್ಲಾಧಿಕಾರಿಗಳಿಗೆ ದೂರು ಸಲ್ಲಿಸಿ.