‘ಟಾನಿಕ್’ ಅನ್ನದೆ ಏನನ್ನೋಣ?

ಗೆಳೆಯರೆ,

ಹಾವೇರಿ ಕಡೆಯ ಹತ್ತಿ, ಮೆಣಸಿನಕಾಯಿ ಬೆಳೆಗಾರರಿಗೆ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಬೆಳವಣಿಗೆಯನ್ನು ಏರಿಸುವ, ಇಳಿಸುವ ಸಿಂಪಡಣೆಗಳ ಬಗ್ಗೆ ಬರೆಯುವಾಗ ಹೆಸರೇ ತಲೆನೋವಾಗಿದೆ. ಪುಸ್ತಕದಲ್ಲಿ ‘ಸಸ್ಯ ಪ್ರಚೋದಕ’, ‘ಬೆಳವಣಿಗೆ ನಿಯಂತ್ರಕ’ ಅಂತಿರುತ್ತದೆ. ಗೊಬ್ಬರದ ಅಂಗಡಿಯಲ್ಲಿ ಈ ಎರಡೂ ಕಿವಿಗೆ ಬೀಳುವುದಿಲ್ಲ. ಅಲ್ಲಿ ಎಲ್ಲವೂ ಟಾನಿಕ್.

ಟಾನಿಕ್ ಹೊಡೆದರೆ ಬೆಳೆ ಏಳಬೇಕು, ಅಲ್ವಾ? ಆದರೆ ಹತ್ತಿಗೆ ಹೊಡೆಯುವ ಮೆಪಿಕ್ವಾಟ್ ಕ್ಲೋರೈಡ್ ಮಾಡುವುದು ತದ್ವಿರುದ್ಧ. ಗಿಡವನ್ನು ಉದ್ದಕ್ಕೆ ಬೆಳೆಸುವ ಹಾರ್ಮೋನು ಜಿಬ್ಬರೆಲಿನ್. ಗಿಡ ತನ್ನೊಳಗೆ ಅದನ್ನು ತಯಾರಿಸುವುದನ್ನೇ ಮೆಪಿಕ್ವಾಟ್ ತಡೆಯುತ್ತದೆ. ಗೆಣ್ಣುಗಳು ಹತ್ತಿರ ಬರುತ್ತವೆ. ಹೊಸ ಎಲೆ ಚಿಕ್ಕದಾಗುತ್ತದೆ, ಮಂದವಾಗುತ್ತದೆ, ಬಣ್ಣ ಗಾಢವಾಗುತ್ತದೆ. ನೋಡಿದವರು ‘ಬೆಳಿ ಕರ್ರಗ ಐತಿ, ಟಾನಿಕ್ ಹತ್ತೈತಿ’ ಅನ್ನುತ್ತಾರೆ. ಎಲೆ ಹರಡಿಕೊಳ್ಳದೆ ಇರುವುದರಿಂದ ಪತ್ರಹರಿತ್ತು ಸಣ್ಣ ಜಾಗದಲ್ಲೇ ಒತ್ತಾಗಿ ಕೂರುತ್ತದೆ. ಆ ಕಪ್ಪಿಗೆ ಮುಖ್ಯ ಕಾರಣ ಇದು. (ಇಲ್ಲಿ ‘ದಪ್ಪ ಎಲೆ’ ಅಂತ ಬರೆಯಲು ಮನಸ್ಸಿಲ್ಲ. ಓದುವವರು ದೊಡ್ಡ ಎಲೆ ಅಂದುಕೊಳ್ಳುತ್ತಾರೆ. ರೊಟ್ಟಿ ಮಂದ ಆಯಿತು ಅನ್ನುತ್ತೇವಲ್ಲ, ಆ ‘ಮಂದ’ವೇ ಸರಿ.)

ಹಾಗಾಗಿ ಇದಕ್ಕೆ ‘ಪ್ರಚೋದಕ’ ಒಗ್ಗುವುದಿಲ್ಲ. ‘ನಿಯಂತ್ರಕ’ ಅಂದರೆ ಇನ್ನೊಂದು ತಕರಾರು. ಕೀಟ ನಿಯಂತ್ರಣ, ಕಳೆ ನಿಯಂತ್ರಣ ಕೇಳಿ ಕೇಳಿ ಆ ಪದಕ್ಕೆ ಕೊಲ್ಲುವ ಅರ್ಥವೇ ಅಂಟಿಕೊಂಡಿದೆ. ಮೆಣಸಿನ ಗಿಡದಲ್ಲಿ ಹೂ ಉದುರದಿರಲಿ ಎಂದು ಹೊಡೆಯುವ ಎನ್.ಎ.ಎ.ಗೆ (ನ್ಯಾಫ್ತಲೀನ್ ಅಸಿಟಿಕ್ ಆಮ್ಲ) ಆ ಹೆಸರಿಟ್ಟರೆ ಯಾರು ಕೊಳ್ಳುತ್ತಾರೆ?

ಕಾಯಿ ಕಟ್ಟದೆ ಬರೀ ಎಲೆ ಬಿಡುವ ಹತ್ತಿಗೆ ‘ಸೊಕ್ಕೈತಿ’ ಅನ್ನುವುದು ನಮ್ಮಲ್ಲಿ ರೂಢಿ. ಅದೇ ಜಾಡಿನಲ್ಲಿ ಮೆಪಿಕ್ವಾಟ್‌ನಂಥವನ್ನು ‘ಸೊಕ್ಕಿಳಿಕ’ ಅಂತ, ಏರಿಸುವವನ್ನು ಮಾತ್ರ ‘ಪ್ರಚೋದಕ’ ಅಂತ ಬರೆಯಬಹುದೇ? ಒಟ್ಟು ಗುಂಪಿಗೆ ‘ಬೆಳವಣಿಗೆ ಹದಕ’ ಅಂತ ಯೋಚಿಸಿದ್ದೇನೆ. ‘ಹದ’ ಎಲ್ಲರಿಗೂ ಗೊತ್ತು. ‘ಹದಕ’ ಮಾತ್ರ ಸ್ವಲ್ಪ ಕೃತಕ ಅನ್ನಿಸುತ್ತದೆ. ಎಲೆ ಮುಪ್ಪಾಗುವುದಕ್ಕೆ ಹೊಸ ಪದ ಬೇಕಿಲ್ಲ. ಸೈಟೊಕೈನಿನ್ ಎಂಬ ಹಾರ್ಮೋನು ಇದ್ದರೆ ಎಲೆ ಬೇಗ ಹಣ್ಣಾಗುವುದಿಲ್ಲ, ಎಥಿಲೀನ್ ಎಂಬ ಹಾರ್ಮೋನು ಹೆಚ್ಚಾದರೆ ಬೇಗ ಹಣ್ಣಾಗುತ್ತದೆ. ಇಷ್ಟಕ್ಕೆ ‘ಹಣ್ಣೆಲೆ’ ಸಾಕು.

ನಿಜವಾಗಿ ಪದ ಸಿಗದೆ ಇರುವುದು ಒಂದಕ್ಕೆ. ಗೋವಿನಜೋಳದ ಕಳೆಗೆ ಹೊಡೆದ 2,4-ಡಿ ಕಳೆನಾಶಕ ಗಾಳಿಗೆ ತೇಲಿ ಪಕ್ಕದ ಹತ್ತಿಗೆ ತಾಗಿದರೆ, ಅಥವಾ ಸರಿಯಾಗಿ ತೊಳೆಯದ ಅದೇ ಪಂಪಿನಿಂದ ಹತ್ತಿಗೆ ಹೊಡೆದರೆ, ಎಲೆ ಅಗಲವಾಗುವುದು ನಿಂತು ಬೆರಳು ಬೆರಳಾಗಿ ಸೀಳುತ್ತದೆ. ನರಗಳು ಒತ್ತೊತ್ತಾಗಿ ಉದ್ದಕ್ಕೆ ಓಡುತ್ತವೆ. 2,4-ಡಿ ಕೂಡ ಎನ್.ಎ.ಎ.ಯಂತೆ ಆಕ್ಸಿನ್ ಎಂಬ ಬೆಳವಣಿಗೆ ಹಾರ್ಮೋನಿನ ಜಾತಿಯದೇ. ಎಲೆ ಹೀಗಾಗುವುದನ್ನು ‘ಮುಟುರು’ ಅನ್ನುವಂತಿಲ್ಲ. ಮೆಣಸಿನಕಾಯಿಯಲ್ಲಿ ಥ್ರಿಪ್ಸ್, ಮೈಟ್ ನುಸಿಗಳಿಂದ ಎಲೆ ಮುದುಡುವುದಕ್ಕೆ ಆ ಹೆಸರು ಆಗಲೇ ಇದೆ. ಮುಟುರು ಅಂತ ಬರೆದರೆ ರೈತರು ಸುಮ್ನೆ ನುಸಿಗೆ ಎಣ್ಣೆ (ಕೀಟನಾಶಕ) ಹೊಡೆದು ದುಡ್ಡು ಕಳೆದುಕೊಳ್ಳುತ್ತಾರೆ.

ಗದಗ, ನವಲಗುಂದದ ಕಡೆ ಹೊಲದಲ್ಲಿ, 2,4-ಡಿ ತಾಗಿ ಎಲೆ ಹೀಗೆ ಸೀಳುವುದಕ್ಕೆ ಏನನ್ನುತ್ತಾರೆ? ಕೇಳಿದ್ದರೆ, ಯಾವ ಊರಲ್ಲಿ ಎಂಬುದನ್ನೂ ಸೇರಿಸಿ ತಿಳಿಸಿ.