ಸಹಾಯ ಬೇಕು: ವೈಪರ್‌ಗೆ ಟೈಮರ್ ರಿಲೇ ಹಾಕಿದರೆ ಫ್ಯೂಸ್ ಹೋಗುತ್ತಿದೆ

ನಮ್ಮದು 2014ರ ಬೇಸ್ ಮಾಡೆಲ್ ಹ್ಯಾಚ್‌ಬ್ಯಾಕ್. ವೈಪರ್‌ಗೆ ಲೋ, ಹೈ ಎರಡೇ ಸ್ಪೀಡ್. ಮಲೆನಾಡಿನ ಜಿಟಿಜಿಟಿ ಮಳೆಗೆ ಲೋ ಕೂಡ ಜಾಸ್ತಿನೇ, ಅರ್ಧ ಒಣಗಿದ ಗಾಜಿನ ಮೇಲೆ ಬ್ಲೇಡ್ ಕಿರ್ರ್ ಅನ್ನುತ್ತದೆ.

ಅದಕ್ಕೇ ಟಾಪ್ ಮಾಡೆಲ್‌ನ ಕಾಂಬಿನೇಷನ್ ಸ್ವಿಚ್ (ಸ್ಟೀರಿಂಗ್ ಪಕ್ಕದ ವೈಪರ್ ಕಡ್ಡಿ) ತಂದು ಮನೆಯಲ್ಲೇ ಹಾಕಿದೆ. ಲೋ, ಹೈ, ವಾಷರ್ ಸರಿ ಇವೆ. ಆದರೆ ಕಾರಿನ ಕಡೆಯ ಕಪ್ಲರ್‌ನಲ್ಲಿ (ವೈರ್ ಜೋಡಿಸುವ ಪ್ಲಗ್) ಇಂಟರ್ಮಿಟೆಂಟ್ (ಬಿಟ್ಟು ಬಿಟ್ಟು ಒರೆಸುವ) ಪಿನ್ ಜಾಗ ಖಾಲಿ, ವೈರೇ ಎಳೆದಿಲ್ಲ (ಉಳಿತಾಯ ಅಂದ್ರೆ ಇದು!). ಹೊರಗಿನಿಂದ 12 ವೋಲ್ಟ್ ಟೈಮರ್ ರಿಲೇ (ಆಗಾಗ ತಾನೇ ಆನ್-ಆಫ್ ಆಗುವ ಸ್ವಿಚ್) ತಂದು ಅದರ ಔಟ್‌ಪುಟ್ಟನ್ನು ಮೋಟರಿನ ಲೋ ವೈರಿಗೆ ಸೇರಿಸಿದರೆ, ರಿಲೇ ಟಿಕ್ ಅಂದ ತಕ್ಷಣ ಫ್ಯೂಸ್ ಢಮಾರ್. ಮಲ್ಟಿಮೀಟರ್ ಇಟ್ಟು ನೋಡಿದರೆ, ವೈಪರ್ ಕೆಳಗೆ ನಿಂತಿದ್ದಾಗ ಪಾರ್ಕ್ ವೈರ್ (ವೈಪರನ್ನು ಕೆಳಗೆ ತಂದು ನಿಲ್ಲಿಸುವ ವೈರ್) ಗ್ರೌಂಡ್ ತೋರಿಸುತ್ತದೆ, ಸ್ವಿಚ್ ಆಫ್ ಇದ್ದಾಗ ಲೋ ವೈರ್ ಸ್ವಿಚ್ಚಿನೊಳಗೆ ಅದಕ್ಕೇ ಸೇರಿರುತ್ತದೆ. ಶಾರ್ಟ್ ಆಗುವುದು ಅಲ್ಲೇ ಅಲ್ವಾ?

ಈ ಪಾರ್ಕ್ ವೈರನ್ನು ಸ್ವಿಚ್ ಹತ್ತಿರ ಕತ್ತರಿಸಿ, ರಿಲೇಯ ಎನ್‌ಸಿ (ರಿಲೇ ಆಫ್ ಇದ್ದಾಗ ಕೂಡಿರುವ) ಕಾಂಟ್ಯಾಕ್ಟ್ ಮೂಲಕ ಹಾಯಿಸಿದರೆ ಸಾಕಾ? ಹಾಗೆ ಮಾಡಿದರೆ ವೈಪರ್ ಗಾಜಿನ ಮಧ್ಯೆ ನಿಲ್ಲದೆ ಪ್ರತಿ ಸಲ ಕೆಳಗೆ ಬಂದು ನಿಲ್ಲುತ್ತದಾ? ಮಾಡಿ ನೋಡಿದವರು ಹೇಳಿ ಪ್ಲೀಸ್.